ಕೈ ಎತ್ತಿದರೆ ಮಿಲ್ಲು ನಿಲ್ಲಬೇಕು

ಬೈಲಹೊಂಗಲ
12 ನವೆಂಬರ್ 2024

ಮಡಿವಾಳೆಪ್ಪ ಕಾಕಾ ಅವರಿಗೆ ಮಹಾನಂದಾಳ ನಮಸ್ಕಾರ.

ನೀವು ರಾಮದುರ್ಗಕ್ಕೆ ಹೋದ ಮೇಲೆ ಇದು ಮೊದಲ ಪತ್ರ. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ, ಮೊಬೈಲಿನ ಸಣ್ಣ ಅಕ್ಷರ ನಿಮ್ಮ ಕಣ್ಣಿಗೆ ಹತ್ತುವುದಿಲ್ಲ. ಹೀಗಾಗಿ ಇನ್ನು ಮುಂದೆ ಉಳವಪ್ಪನ ಲಾರಿಯೇ ನಮ್ಮ ಅಂಚೆ. ಸಾವಕಾರರ ಇಲ್ಲಿಯ ಹತ್ತಿ ಮಿಲ್ಲಿಗೂ ನೀವು ಅಲ್ಲಿ ಎಬ್ಬಿಸುತ್ತಿರುವ ಹೊಸದಕ್ಕೂ ಸಾಮಾನು ಹೊರುವವನಿಗೆ ಒಂದು ಪಾಕೀಟು ಹೆಚ್ಚಾದರೆ ಭಾರವಾಗದು. ನಿಮ್ಮ ಕಿವಿಯ ವಿಷಯ ಯಾರ ಮುಂದೆಯೂ ಆಡಬೇಡ ಅಂದಿದ್ದಿರಿ. ಆಡಿಲ್ಲ, ಆಡುವುದೂ ಇಲ್ಲ.

ನಿಮ್ಮ ಜಾಗಕ್ಕೆ ನೀವು ಸೂಚಿಸಿದ ನನ್ನ ಹೆಸರನ್ನು ಸಾರಿದ ದಿನ ಸಿದ್ಧಾರೂಢ ಸಾವಕಾರರು ಮಷೀನು ಬಂದ್ ಮಾಡಿಸಿ ಎಲ್ಲರನ್ನೂ ಅಂಗಳಕ್ಕೆ ಕರೆದರು. "ಇವತ್ತಿನಿಂದ ಹಗಲು ಪಾಳೇಕ್ಕ ಮಹಾನಂದಾನ ಸುಪರ್‌ವೈಸರ್" ಅಂದರು. ಮಷೀನಿಗೆ ಅರಳೆ ಹಾಕುವ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಹಾಗೆ ಮೇಲೆ ಎತ್ತಿದ್ದು ಈ ಮಿಲ್ಲಿನಲ್ಲಿ ಇದೇ ಮೊದಲು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮವರು ಮಾತ್ರ ಚಪ್ಪಾಳೆ ಹೊಡೆದರು. ಎಲ್ಲಕ್ಕಿಂತ ಜೋರಾಗಿ ಕೂಗಿದವಳು ಗುರವ್ವ. "ನಮ್ಮಕೀನ ಸುಪರ್‌ವೈಸರ್ ಆದ್ಲು, ಇನ್ನ ನಮಗ್ಯಾರ ಅಂಜಿಕಿ!"

ಗುರವ್ವ ನಿಮಗೆ ಗೊತ್ತಲ್ಲ, ಮುರಗೋಡದಿಂದ ದಿನಾ ಬಸ್ಸಿಗೆ ಬರುವವಳು. ನಾನೂ ಅವಳೂ ಒಂದೇ ಸೀಜನ್ನಿಗೆ ಇಲ್ಲಿ ಸೇರಿದವರು. ಅವಳ ಬುತ್ತಿಯ ರೊಟ್ಟಿ ನಾನು, ನನ್ನ ಬುತ್ತಿಯ ಪಲ್ಯ ಅವಳು, ಹೀಗೇ ಇಷ್ಟು ವರ್ಷ ನಡೆದಿದೆ. ಈಗಲೂ ಬೇವಿನ ಗಿಡದ ಕೆಳಗೆ ಅವರ ಜೊತೆಯೇ ಉಣ್ಣುತ್ತೇನೆ. ಕುರ್ಚಿ ಬಂತೆಂದು ಕಾಲು ನೆಲಕ್ಕೆ ಹತ್ತದವಳಂತೆ ಇರಬಾರದು ಅಂತ ಮೊದಲ ದಿನವೇ ತೀರ್ಮಾನಿಸಿದ್ದೇನೆ. ಯಾರಾದರೂ ತಡವಾಗಿ ಬಂದರೆ ಅವರ ಮಷೀನಿಗೆ ನಾನೇ ನಿಂತು ಅರಳೆ ಹಾಕುತ್ತೇನೆ. ಕೈ ಇನ್ನೂ ಮೊದಲಿನಷ್ಟೇ ಚುರುಕಾಗಿದೆ, ನೀವು ನೋಡಬೇಕಿತ್ತು. ಯಾರೂ ಒಂದು ಮಾತು ಗೊಣಗಿಲ್ಲ. ಸಾವಕಾರರೂ ಖುಷಿಯಾಗಿದ್ದಾರೆ.

ಒಂದೇ ಒಂದು ಕೇಳುವುದಿದೆ. ನಿನ್ನೆ ಒಬ್ಬರಿಗೆ ಹೇಳಬೇಕೆಂದು ಒಂದು ಮಾತು ಗಂಟಲ ತನಕ ಬಂದಿತ್ತು. ನುಂಗಿಕೊಂಡೆ. ನುಂಗಿದ್ದು ಸರಿಯೇ?

ನಿಮ್ಮ
ಮಹಾನಂದಾ


ರಾಮದುರ್ಗ
20 ನವೆಂಬರ್ 2024

ಮಹಾನಂದಾಗೆ ಆಶೀರ್ವಾದ.

ನಿನ್ನ ಪತ್ರವನ್ನು ಹೊಸ ಮಿಲ್ಲಿನ ಕಟ್ಟೆಯ ಮೇಲೆ ಕುಳಿತು ಓದಿದೆ. ಚಪ್ಪಾಳೆ ಹೊಡೆದರೆಂದು ಬರೆದಿದ್ದೀ. ಒಳ್ಳೆಯದು. ಆದರೆ ಚಪ್ಪಾಳೆ ಹೊಡೆದ ಕೈಯೇ ನಾಳೆ ಬೆರಳು ತೋರಿಸುತ್ತದೆ ಅನ್ನುವುದನ್ನು ನೆನಪಿನಲ್ಲಿಡು. ನಾನು ಮುಕಾದಮನಾಗಿ ಕೆಲಸಗಾರರ ಮೇಲೆ ನಿಂತಾಗ ನನಗೂ ಹಾರ ಹಾಕಿದ್ದರು. ಹಾರದ ಹೂವು ಬಾಡುವುದರೊಳಗೆ ಮಾತು ಬಿಟ್ಟಿದ್ದರು.

ನುಂಗಿದ ಮಾತಿನ ಬಗ್ಗೆ ಕೇಳಿದ್ದೀ. ನುಂಗಿದ್ದು ಸರಿ. ಹೊಸ ಎತ್ತು ಮೊದಲ ದಿನವೇ ಹಾಯಬಾರದು. ನಿನ್ನ ಬಾಯಿ ನನಗೆ ಗೊತ್ತಿದೆ, ಸಿಟ್ಟು ಬಂದರೆ ಮಷೀನಿನ ಸದ್ದನ್ನೂ ಮೀರಿಸುತ್ತೀ. ಮೇಲೆ ಬಂದವರು ಒದರಾಡಿದರೆ ಕೆಳಗಿನವರು ಅಂಜುತ್ತಾರೆ, ಅಂಜಿದವರು ತಪ್ಪನ್ನು ಮುಚ್ಚಿಡುತ್ತಾರೆ. ಹೀಗಾಗಿ ಕೆಲವು ದಿನ ಬಾಯಿಗೆ ಬೀಗ ಹಾಕಿಕೋ.

ಆದರೆ ಇನ್ನೊಬ್ಬರ ಮಷೀನಿಗೆ ನಿಂತು ಅರಳೆ ಹಾಕುತ್ತೇನೆಂದು ಹೆಮ್ಮೆಯಿಂದ ಬರೆದಿದ್ದೀಯಲ್ಲ, ಅದು ನನಗೆ ಸೇರಲಿಲ್ಲ. ಸುಪರ್‌ವೈಸರನ ಕೈ ಖಾಲಿ ಇರಬೇಕು. ಕೈ ತುಂಬಿದವರ ಕಣ್ಣು ಕೈಯ ಮೇಲೆಯೇ ಇರುತ್ತದೆ. ನಮ್ಮ ಮಿಲ್ಲಿನ ಹಾಲ್‌ನೊಳಗೆ ಮಷೀನು ಶುರುವಾದರೆ ಹತ್ತಿರ ನಿಂತವರ ಕೂಗೂ ಕೇಳಿಸುವುದಿಲ್ಲ. ಯಾರಾದರೂ ಕೈ ಎತ್ತಿದರೆ ಅದನ್ನು ನೋಡಿ ಸ್ವಿಚ್ಚು ಎಳೆಸಬೇಕು. ಆ ಎತ್ತಿದ ಕೈಯನ್ನು ನೋಡುವುದೇ ನಿನ್ನ ಕೆಲಸ. ಉಳಿದದ್ದೆಲ್ಲ ಮಾಡಲು ಮಂದಿ ಇದ್ದಾರೆ.

ಇಲ್ಲಿ ಎಲ್ಲ ಸುರಳೀತವಾಗಿದೆ. ಮಷೀನು ಕೂಡಿಸುವ ಕೆಲಸ ನಡೆದಿದೆ. ಹುಡುಗರು ಚುರುಕಾಗಿದ್ದಾರೆ, ಅದರಲ್ಲೂ ಶೀತಲ್ ಎಂಬ ಫಿಟರ್ ಹುಡುಗ. ನಾನು ಒಂದು ಮಾತು ಹೇಳಿದರೆ ಎರಡನೆಯ ಮಾತಿಲ್ಲ. ಡಿಸೆಂಬರಿನಲ್ಲಿ ಮಿಲ್ಲು ಚಾಲೂ ಮಾಡಿ ಸಾವಕಾರರ ಕೈಗೆ ಕೊಡುತ್ತೇನೆ.

ಮಡಿವಾಳೆಪ್ಪ


ಬೈಲಹೊಂಗಲ
14 ಡಿಸೆಂಬರ್ 2024

ಕಾಕಾ,

ಬಾಯಿಗೆ ಬೀಗ ಹಾಕು ಅಂದಿರಿ. ಹಾಕಿದೆ. ಅದರ ಫಲ ಏನಾಯಿತು ಕೇಳಿರಿ.

ನಾನು ನುಂಗಿದ ಮಾತು ಯಾವುದೆಂದು ನೀವು ಕೇಳಲಿಲ್ಲ, ನಾನೂ ಬರೆದಿರಲಿಲ್ಲ. ಈಗ ಬರೆಯುತ್ತೇನೆ. ಗುರವ್ವ ಖಾಕಿ ಕೋಟು ಹಾಕುವುದನ್ನು ಬಿಟ್ಟಿದ್ದಳು. ಸೀರೆಯ ಸೆರಗು ಮಷೀನಿಗೆ ಸಿಗಬಾರದೆಂದು ನೀವೇ ಎಲ್ಲರಿಗೂ ಹೊಲಿಸಿಕೊಟ್ಟ ಕೋಟು. "ಭಾಳ ಕುದೀತೈತವ್ವಾ" ಅಂದು ಗೂಟಕ್ಕೆ ನೇತು ಹಾಕಿದಳು. ನಾನು ನೋಡಿದೆ. ನಕ್ಕು ಮುಂದೆ ಹೋದೆ. ಮರುದಿನ ಇನ್ನೊಬ್ಬಳು ಬಿಟ್ಟಳು. ಗುರವ್ವ ತಡವಾಗಿ ಬರತೊಡಗಿದಳು, ಅದನ್ನು ನೋಡಿ ಉಳಿದವರೂ ತಡ ಮಾಡಿದರು. ನಾನು ಯಾರಿಗೂ ಏನೂ ಅನ್ನಲಿಲ್ಲ. ಬರದವರ ಮಷೀನಿಗೆ ನಾನೇ ನಿಂತೆ. ಅದನ್ನು ಬಿಡು ಎಂದು ನೀವು ಬರೆದಿದ್ದಿರಿ. ಆದರೆ ಮಾತೂ ಆಡಬಾರದು, ಕೆಲಸವೂ ಮಾಡಬಾರದು ಅಂದರೆ ಮಷೀನು ಖಾಲಿ ತಿರುಗಲು ಬಿಡಬೇಕಿತ್ತೇ?

ಮೊನ್ನೆ ಬುಧವಾರ ಗುರವ್ವ ಅರಳೆಯ ಹೊರೆ ಎತ್ತಲು ಬಗ್ಗಿದಳು. ಅವಳ ಹಿಂದೆ ತಿರುಗುತ್ತಿದ್ದ ಶಾಫ್ಟಿನ ಕಬ್ಬಿಣದ ದಂಡಕ್ಕೆ ಸೆರಗು ಸುತ್ತಿಕೊಂಡಿತು. ಪಕ್ಕದ ಮಷೀನಿನ ಬಾಯವ್ವ ನೋಡಿ ಕೈ ಎತ್ತಿದಳು. ಸ್ವಿಚ್ಚಿನ ಹತ್ತಿರ ನಿಂತವನು ಯಾವಾಗಲೂ ಮೊದಲು ಸುಪರ್‌ವೈಸರನ ಕಡೆ ನೋಡುತ್ತಾನೆ, ಆ ರೂಢಿ ನೀವು ಹಾಕಿದ್ದು. ಅವನು ನನ್ನ ಕಡೆ ನೋಡಿದ. ನಾನು ಎಲ್ಲರಿಗೂ ಬೆನ್ನು ಮಾಡಿ, ಎರಡೂ ಕೈಯಲ್ಲಿ ಅರಳೆ ಹಿಡಿದು, ಬೇರೆಯವಳ ಮಷೀನು ತುಂಬುತ್ತಿದ್ದೆ.

ಅವನು ಬಾಯವ್ವನನ್ನು ಕಂಡು ಸ್ವಿಚ್ಚು ಎಳೆಯುವಷ್ಟರಲ್ಲಿ ಗುರವ್ವನ ಭುಜ ಕೀಲು ತಪ್ಪಿತ್ತು. ಸೆರಗು ಹರಿಯಿತು, ಅದರಿಂದ ಕುತ್ತಿಗೆ ಉಳಿಯಿತು.

ಮಷೀನು ನಿಂತ ಮೇಲೆ ಆ ಹಾಲ್ ಎಷ್ಟು ಶಾಂತವಾಗುತ್ತದೆ ಎಂದು ನಿಮಗೆ ಗೊತ್ತು. ಆ ಶಾಂತದೊಳಗೆ ನಾನು ಒದರಿದೆ. ಅವಳು ಅರಳೆಯ ರಾಶಿಯ ಮೇಲೆ ಬಿದ್ದಿದ್ದಳು, ಮುಖ ಬಿಳಿಚಿತ್ತು. "ಸಾಯಾಕ ನನ್ನ ಮಿಲ್ಲ ಸಿಕ್ಕಿತ್ತೇನ ನಿನಗ?" ಅಂದೆ. ನನ್ನ ಮಿಲ್ಲು ಅಂದೆ, ಕಾಕಾ. ಎಲ್ಲರೂ ಕೇಳಿದರು.

ದವಾಖಾನೆಯಲ್ಲಿ ಭುಜ ಕೂಡಿಸಿ ಪಟ್ಟಿ ಕಟ್ಟಿದ್ದಾರೆ. ಅವಳು ಮುರಗೋಡಕ್ಕೆ ಹೋದಳು. ಮತ್ತೆ ಬರುವುದಿಲ್ಲವೆಂದು ಹೇಳಿ ಕಳಿಸಿದ್ದಾಳೆ. ಈಗ ಎಲ್ಲರೂ ಹೊತ್ತಿಗೆ ಸರಿಯಾಗಿ ಬರುತ್ತಾರೆ, ಕೋಟು ಹಾಕುತ್ತಾರೆ, ನನ್ನ ಜೊತೆ ಒಂದು ಮಾತೂ ಆಡುವುದಿಲ್ಲ. ಬೇವಿನ ಗಿಡದ ಕೆಳಗೆ ನಾನು ಹೋಗಿ ಕುಳಿತರೆ ಬುತ್ತಿ ಕಟ್ಟಿಕೊಂಡು ಏಳುತ್ತಾರೆ.

ನಿಮ್ಮ ಹುಡುಗರು ಎರಡನೆಯ ಮಾತಾಡುವುದಿಲ್ಲವೆಂದು ಬರೆದಿದ್ದಿರಿ. ಅದು ಹೇಗೆ ಬರುತ್ತದೆ, ನನಗೂ ಹೇಳಿಕೊಡಿರಿ.

ಮಹಾನಂದಾ


ಬೈಲಹೊಂಗಲ
3 ಜನವರಿ 2025

ಕಾಕಾ ಅವರಿಗೆ ನಮಸ್ಕಾರ.

ನಿಮ್ಮಿಂದ ಉತ್ತರ ಬರಲಿಲ್ಲ. ಲಾರಿ ಬಂದಾಗಲೆಲ್ಲ ಉಳವಪ್ಪನ ಕೈ ನೋಡಿದೆ. ನಾನು ಬರೆದ ರೀತಿಗೆ ನಿಮಗೆ ಸಿಟ್ಟು ಬಂದಿದೆ ಎಂದುಕೊಂಡೆ. ಇಂಥವಳನ್ನು ಯಾಕೆ ಕುರ್ಚಿಗೆ ಹೇಳಿದೆನೋ ಎಂದು ನೀವು ಪಶ್ಚಾತ್ತಾಪ ಪಡುತ್ತಿರಬಹುದು ಎಂದೂ ಅಂದುಕೊಂಡೆ. ಆಮೇಲೆ, ಕಾಯುತ್ತ ಕುಳಿತರೆ ಕೆಲಸ ಆಗದೆಂದು, ಒಂದು ಭಾನುವಾರ ಮುರಗೋಡದ ಬಸ್ಸು ಹತ್ತಿದೆ.

ಗುರವ್ವನ ಮನೆ ಮಠದ ಹಿಂದಿನ ಓಣಿಯಲ್ಲಿದೆ. ಇಷ್ಟು ವರ್ಷ ಅವಳ ರೊಟ್ಟಿ ತಿಂದವಳು, ಮನೆ ನೋಡಿದ್ದು ಇದೇ ಮೊದಲು. ಬಾಗಿಲಲ್ಲಿ ನಿಂತೆ. ಅವಳು ಒಂದೇ ಕೈಯಿಂದ ಶೇಂಗಾ ಸುಲಿಯುತ್ತಿದ್ದಳು. ಏಳಲಿಲ್ಲ.

"ಬರ್ರಿ ಸುಪರ್‌ವೈಸರ್ರ, ಕುಂತ್ರಿ" ಅಂದಳು.

ಆ 'ರಿ' ನನಗೆ ಹೊಡೆತದಂತೆ ಬಿತ್ತು. "ಬೈದದ್ದು ತಪ್ಪಾತು ಗುರವ್ವಾ" ಅಂದೆ.

"ಬೈದದ್ದಕ್ಕ ಸಿಟ್ಟಿಲ್ಲ ನನಗ. ಕೋಟು ಬಿಟ್ಟ ಮೊದಲನೇ ದಿನಾನ ನೀ ಬೈಬೇಕಾಗಿತ್ತು. ನೋಡಿದಿ, ನಕ್ಕಿ, ಹೋದಿ. ನಾ ಏನ ತಿಳಕೊಂಡೆ ಗೊತ್ತೇನ? ಮಡಿವಾಳೆಪ್ಪ ಕಾಕಾನ ಕೋಟು ಸುಳ್ಳಽ ಕಾಟ, ನಮ್ಮ ಮಹಾನಂದಾಗ ಅದು ತಿಳದೈತಿ ಅಂತ ತಿಳಕೊಂಡೆ. ನಿನ್ನ ನಂಬಿ ಹಂಗ ನಿಂತಿದ್ದೆ ನಾ."

ಗೆಳೆತನ ಉಳಿಸಿಕೊಳ್ಳಲು ಸುಮ್ಮನಿದ್ದೆ ಎಂದು ತಿಳಿದಿದ್ದೆ. ಆಕೆ ಆ ಸುಮ್ಮನಿರುವುದನ್ನು ನನ್ನ ಅಪ್ಪಣೆ ಎಂದು ಓದಿದ್ದಳು. ಕುರ್ಚಿಯಲ್ಲಿ ಕುಳಿತವರು ಬಾಯಿ ಬಿಡದಿದ್ದರೂ ಹೇಳಿದಂತೆಯೇ, ಕಾಕಾ. ಇದನ್ನು ನೀವು ನನಗೆ ಕಲಿಸಿರಲಿಲ್ಲ.

"ತಡಾ ಮಾಡಿ ಯಾಕ ಬರತಿದ್ದಿ?" ಅಂತ ಕೇಳಿದೆ.

"ಈಗ ಕೇಳಿದಿ ನೋಡ" ಅಂದಳು. "ಮುಂಜಾನಿ ಬಸ್ಸಿನ ಟೈಮ್ ಬದಲಾಗಿ ಅರ್ಧ ತಾಸು ತಡಾ ಆಗೇತಿ. ನಮ್ಮೂರಿನಿಂದ ಬರೂ ಎಲ್ಲಾರದೂ ಅದ ಗೋಳು. ಈಗ ನಿನಗ ಅಂಜಿ ಟಂಟಂಗೆ ರೊಕ್ಕಾ ಕೊಟ್ಟು ಹೊತ್ತಿಗೆ ಬರಾಕತ್ತಾರ. ನೀ ನನ್ನ ಮಷೀನಿಗೆ ನಿಂತು ಅರಳಿ ಹಾಕೂದು ನೋಡಿ ನಾಚಿಕಿ ಬರತಿತ್ತು. ಕೇಳತೀಯೇನ ಅಂತ ಕಾದೆ. ನೀ ಕೇಳಲೇ ಇಲ್ಲ."

ಆಮೇಲೆ ಚಹಾ ಮಾಡಿದಳು. ಒಂದೇ ಕೈಯಿಂದ ಮಾಡುವುದನ್ನು ನೋಡಿ ನಾನು ಏಳಹೋದೆ. "ಕುಂತ್ಕೋ, ನನ್ನ ಒಲಿ ನನಗ ಬಿಡು. ಇದನ್ನೂ ನೀನ ಮಾಡಬ್ಯಾಡ" ಅಂದಳು. ಇಬ್ಬರಿಗೂ ನಗೆ ಬಂತು. ನಕ್ಕ ಮೇಲೆ ಅವಳು ನನಗೆ ಮತ್ತೆ ಏಕವಚನದಲ್ಲಿಯೇ ಬೈದಳು, ಹೊಟ್ಟೆ ತುಂಬ.

ಮರುದಿನವೇ ಸಾವಕಾರರ ಹತ್ತಿರ ಹೋದೆ. ಬಸ್ಸಿಗೆ ಹೊಂದುವಂತೆ ಹಗಲು ಪಾಳೆಯನ್ನು ಅರ್ಧ ತಾಸು ಮುಂದೆ ಹಾಕಿರಿ, ಸಂಜೆ ಅಷ್ಟೇ ಹೊತ್ತು ಹೆಚ್ಚಿಗೆ ನಿಲ್ಲುತ್ತೇವೆ ಎಂದೆ. "ಮಂದಿ ಹೇಳಿದಂಗ ಮಿಲ್ಲ ನಡಸೂದ ಏನ?" ಅಂದರು. "ಮಂದಿ ಹೇಳಿದಂಗ ಅಲ್ರಿ. ನಾ ಹೇಳಾಕತ್ತೇನಿ" ಅಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿ, "ಈ ತಿಂಗಳ ನೋಡೂಣು" ಅಂದರು. ಹಿಂದೆ ನಾನು ಇಂಥದ್ದಕ್ಕೆ ನಿಮ್ಮ ಹೆಸರು ಹೇಳಿ ಬಚಾವಾಗುತ್ತಿದ್ದೆ. ಈ ಸಲ ಬೇಕಾಗಲಿಲ್ಲ.

ಈಗ ನಿಮ್ಮ ವಿಷಯ. ನಾನು ಚಾಡಿ ಕೇಳುವವಳಲ್ಲ, ಆದರೆ ಉಳವಪ್ಪ ಅರಳೆಗಿಂತ ಸುದ್ದಿ ಹೆಚ್ಚು ಹೊರುತ್ತಾನೆ. ನಿನ್ನೆ ಹೇಳಿದ: "ರಾಮದುರ್ಗದಾಗ ಮಿಲ್ ಇನ್ನೂ ಚಾಲೂ ಆಗಿಲ್ರಿ ಅಕ್ಕಾರ. ಮುಕಾದಮ ಕಾಕಾಗ ಭಾಳ ಸೊಕ್ಕ ಬಂದೈತಿ ಅಂತಾರ ಹುಡುಗೂರು. ಏನರ ಕೇಳಿದ್ರ ಉತ್ತರಾನ ಕೊಡೂದುಲ್ಲಂತ, ಬೆನ್ನ ತಿರುಗಿಸಿ ಹೋಗತಾನಂತ. ಇಬ್ಬರು ಕೆಲಸಾನ ಬಿಟ್ಟಾರ."

ನನಗೆ ಕೂಡಲೇ ತಿಳಿಯಿತು. ಇಲ್ಲಿ ಮಷೀನಿನ ಸದ್ದಿನೊಳಗೆ ನಾವೆಲ್ಲರೂ ಕಿವುಡರೇ. ಕೈ ಸನ್ನೆಯಲ್ಲಿಯೇ ಮಾತಾಡುತ್ತಿದ್ದೆವು. ನಿಮ್ಮ ಕಿವಿ ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿ ಮಷೀನು ಇನ್ನೂ ತಿರುಗುತ್ತಿಲ್ಲ, ಎಲ್ಲರೂ ಬಾಯಿಂದ ಮಾತಾಡುತ್ತಾರೆ. ಹಿಂದಿನಿಂದ ಕರೆದರೆ ನಿಮಗೆ ಕೇಳಿಸುವುದಿಲ್ಲ. ಎರಡನೆಯ ಮಾತಿಲ್ಲ ಎಂದು ನೀವು ಬರೆದದ್ದು ನಿಜವೇ ಇರಬಹುದು. ಆಡಿದ್ದು ನಿಮಗೆ ಕೇಳಿಸಿರಲಿಕ್ಕಿಲ್ಲ.

ಉಳವಪ್ಪನ ಮುಂದೆ ನಾನು ಏನೂ ಹೇಳಲಿಲ್ಲ. ಕೊಟ್ಟ ಮಾತು ಮಾತೇ. ಆದರೆ ಗುರವ್ವ ನನಗೆ ಹೇಳಿದ್ದನ್ನೇ ನಿಮಗೆ ಹೇಳುತ್ತೇನೆ, ಸಣ್ಣವಳು ಹೇಳಿದಳೆಂದು ಬೇಸರಿಸಬೇಡಿರಿ. ನೀವು ಹೇಳದೆ ಬಿಟ್ಟದ್ದನ್ನು ಅವರು ತಮಗೆ ತಿಳಿದಂತೆ ತುಂಬಿಕೊಳ್ಳುತ್ತಿದ್ದಾರೆ. ಹೇಳಿಬಿಡಿರಿ, ಕಾಕಾ.

ಮಹಾನಂದಾ


ರಾಮದುರ್ಗ
19 ಜನವರಿ 2025

ಮಹಾನಂದಾ,

ಗುರವ್ವನ ಭುಜ ಕೀಲು ತಪ್ಪಿದ ಸುದ್ದಿಯ ಪತ್ರ ಬಂದಾಗ ಉತ್ತರ ಬರೆಯಲು ಕುಳಿತಿದ್ದೆ. ಕೈ ಖಾಲಿ ಇಡು, ಬಾಯಿಗೆ ಬೀಗ ಹಾಕು ಎಂದು ದೊಡ್ಡದಾಗಿ ಬರೆದವನಿಗೆ ಅವತ್ತು ಒಂದು ಸಾಲೂ ಹೊಳೆಯಲಿಲ್ಲ. ಯಾವ ಮಾತು ನುಂಗಿದೆ ಎಂದು ಕೇಳದೆಯೇ ನುಂಗು ಎಂದಿದ್ದೆ. ಸಿಟ್ಟು ನಿನ್ನ ಮೇಲೆ ಇರಲಿಲ್ಲ.

ಅದರ ನಂತರದ ನಿನ್ನ ಪತ್ರ ಓದಿ ಮಾತ್ರ ಸಿಟ್ಟು ಬಂದಿತು, ಸುಳ್ಳು ಯಾಕೆ ಹೇಳಲಿ. ಒಂದು ದಿನ ಅದನ್ನು ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಮರುದಿನ ಎಲ್ಲರನ್ನೂ ಮಷೀನಿನ ಮುಂದೆ ಕೂಡಿಸಿದೆ. ಹುಡುಗರು ಗೋಡೆಗೆ ಒರಗಿ ನಿಂತರು. ಅವರ ಮುಖದ ಮೇಲಿನ ಬೇಸರ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನನ್ನ ಕಣ್ಣು ದೂರದ್ದನ್ನು ಈಗಲೂ ಬಿಡುವುದಿಲ್ಲ.

"ತಮ್ಮಗಳ್ರ್ಯಾ, ನನಗ ಕಿವಿ ಕೇಳಸೂದುಲ್ಲ" ಅಂದೆ. "ಅರಳಿ ಮಿಲ್ಲಿನ್ಯಾಗ ಇಷ್ಟ ವರ್ಷ ನಿಂತು ಹೋಗ್ಯಾವ. ನೀವು ಹಿಂದಿಂದ ಕರದ್ರ ನನಗ ಗೊತ್ತಾಗೂದುಲ್ಲ. ಮುಂದ ಬಂದು ನಿಂತು ಮಾತಾಡ್ರಿ, ತುಟಿ ನೋಡಿ ತಿಳಕೊಂತೇನಿ. ಮಿಲ್ಲಿನ ಕೆಲಸಾ ಮಾತ್ರ ನನ್ನಷ್ಟ ಬಲ್ಲಾವ ಈ ತಾಲೂಕಿನ್ಯಾಗ ಇನ್ನೊಬ್ಬಾವಿಲ್ಲ."

ಇದನ್ನು ಹೇಳಲು ಇಷ್ಟು ದಿನ ಅಂಜಿದ್ದೆ. ಕಿವುಡ ಮುಕಾದಮ ಅಂದು ನಗುತ್ತಾರೆ, ಸಾವಕಾರರಿಗೆ ತಿಳಿದರೆ ಮನೆಗೆ ಕಳಿಸುತ್ತಾರೆ ಎಂದು.

ಶೀತಲ್ ಗೋಡೆ ಬಿಟ್ಟು ಬಂದ. ನನ್ನ ಮುಖಕ್ಕೆ ಮುಖ ಕೊಟ್ಟು ನಿಂತು, ಒಂದೊಂದೇ ಶಬ್ದ ಬಿಡಿಸಿ ಹೇಳಿದ. "ಕಾಕಾ, ನಿಮಗ ಸೊಕ್ಕ ಐತಿ ಅಂತ ತಿಳದಿದ್ವಿ. ಎಡಗಡಿ ಮಷೀನಿನ ಬೇರಿಂಗ್ ಸೀಳೇತಿ ಅಂತ ನಾ ನಿಮಗ ಎಷ್ಟ ಸಲ ಹೇಳೇನಿ. ನೀವು ಹೂಂ ಅಂದು ಹೋದ್ರಿ."

ಮಿಲ್ಲು ಚಾಲೂ ಆಗದೆ ನಿಂತದ್ದು ಆ ಬೇರಿಂಗಿಗೇ, ಮಹಾನಂದಾ. ನಾನು ಬೇರೆ ಎಲ್ಲ ಕಡೆ ಹುಡುಕಿದ್ದೆ. ಉತ್ತರ ನನ್ನ ಬೆನ್ನ ಹಿಂದೆ ನಿಂತು ದಿನಾ ಮಾತಾಡುತ್ತಿತ್ತು.

ಸಾವಕಾರರು ಬಂದಾಗ ಅವರಿಗೂ ನಾನೇ ಹೇಳಿದೆ. ಅವರು ಮುಂದೆ ಬಂದು ನಿಂತು, ನನಗೆ ಕಾಣುವಂತೆ ಬಾಯಿ ತೆರೆದು, "ಮತ್ತ ಈ ಹುಡುಗನ್ನ ಬಾಜೂಕ ಇಟಗೋರಿ, ಅವನ ಕಿವಿ, ನಿಮ್ಮ ತಲಿ" ಅಂದರು. ಸಂಕ್ರಾಂತಿಯ ಮರುದಿನ ಮಿಲ್ಲು ಚಾಲೂ ಆಯಿತು. ಬಿಟ್ಟು ಹೋದ ಇಬ್ಬರಲ್ಲಿ ಒಬ್ಬ ತಿರುಗಿ ಬಂದಿದ್ದಾನೆ. ಇನ್ನೊಬ್ಬ ಬರಲಿಲ್ಲ, ಅವನು ಒಳ್ಳೆಯ ಕೆಲಸಗಾರನಾಗಿದ್ದ. ಅವನನ್ನು ಕಳೆದುಕೊಂಡದ್ದು ನನ್ನ ಲೆಕ್ಕಕ್ಕೇ.

ನಿನಗೆ ಬುದ್ಧಿ ಹೇಳುವ ಕೆಲಸ ಸದ್ಯಕ್ಕೆ ನಿಲ್ಲಿಸಿದ್ದೇನೆ. ಕೇಳಿದರೆ ಹೇಳುತ್ತೇನೆ, ಆದರೆ ಮೊದಲು ನಾನು ನಿನಗೆ ಎರಡು ಪ್ರಶ್ನೆ ಕೇಳುತ್ತೇನೆ.

ಮಡಿವಾಳೆಪ್ಪ


ಬೈಲಹೊಂಗಲ
22 ಫೆಬ್ರುವರಿ 2025

ಕಾಕಾ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ನಾನು ಅಂಗಳದಲ್ಲಿಯೇ ಕುಣಿದೆ. ಏನಾಯಿತೆಂದು ಬಾಯವ್ವ ಕೇಳಿದಳು. "ರಾಮದುರ್ಗದ ಮಿಲ್ಲ ಚಾಲೂ ಆತು" ಅಂದೆ. "ಅಷ್ಟಕ್ಕ ಕುಣೀತಾರೇನ?" ಅಂದಳು.

ಗುರವ್ವ ಬಂದಿದ್ದಾಳೆ. ಹೊರೆ ಎತ್ತುವಷ್ಟು ಭುಜ ಇನ್ನೂ ಗಟ್ಟಿಯಾಗಿಲ್ಲ. ಅವಳನ್ನು ಸ್ವಿಚ್ಚಿನ ಹತ್ತಿರ ನಿಲ್ಲಿಸಿದ್ದೇನೆ. ಇನ್ನು ಮೇಲೆ ನನ್ನ ಮುಖ ನೋಡುವ ರೂಢಿ ಬೇಡ, ಯಾರೇ ಕೈ ಎತ್ತಿದರೂ ಎಳೆಯಬೇಕು, ಆಮೇಲೆ ಯಾಕೆಂದು ಕೇಳಬೇಕು ಎಂದು ಎಲ್ಲರ ಮುಂದೆ ಹೇಳಿದೆ. ನೀವು ಹಾಕಿದ ರೂಢಿಯನ್ನು ಬದಲಾಯಿಸಿದ್ದೇನೆ. ನಿಮ್ಮನ್ನು ಕೇಳಬೇಕೆನ್ನಿಸಿತ್ತು. ಕೇಳದೆಯೇ ಮಾಡಿದೆ.

ಪಾಳೆ ಅರ್ಧ ತಾಸು ಮುಂದೆ ಹೋದದ್ದು ಹಾಗೆಯೇ ನಿಂತಿದೆ. ಉಣ್ಣುವಾಗ ಅವರು ನನಗೆ ಜಾಗ ಬಿಡುತ್ತಾರೆ. ಮೊದಲಿನಂತೆ ಎಲ್ಲ ಮಾತನ್ನೂ ನನ್ನ ಮುಂದೆ ಆಡುವುದಿಲ್ಲ, ನಾನು ಬಂದಾಗ ಒಂದೆರಡು ನಗೆ ಅರ್ಧಕ್ಕೇ ನಿಲ್ಲುತ್ತವೆ. ಅದು ಇನ್ನು ಹಾಗೆಯೇ ಎಂದು ಒಪ್ಪಿಕೊಂಡಿದ್ದೇನೆ.

ಈಗ ಸೋಮವಾರದ ಕಥೆ ಕೇಳಿರಿ. ಹತ್ತಿ ಕೊಳ್ಳುವ ವ್ಯಾಪಾರಿಗಳು ಕೊಯಮತ್ತೂರಿನಿಂದ ಬಂದಿದ್ದರು. ಸಾವಕಾರರು ಅವರನ್ನು ಕರೆದುಕೊಂಡು ಮಷೀನಿನ ನಡುವೆ ಹೊರಟರು. ಹೆಗಲ ಮೇಲೆ ಜರಿಯ ಶಲ್ಯ, ಎರಡೂ ತುದಿ ಇಳಿಬಿದ್ದು ಗಾಳಿಗೆ ಹಾರುತ್ತಿತ್ತು. ಗುರವ್ವನ ಸೆರಗು ಸಿಕ್ಕಿದ ಶಾಫ್ಟಿನ ಹತ್ತಿರವೇ ನಿಂತು, ಬಗ್ಗಿ, ವ್ಯಾಪಾರಿಗಳಿಗೆ ಏನೋ ತೋರಿಸತೊಡಗಿದರು.

ಹೊರಗೆ ಲಾರಿ ಕಾಯುತ್ತಿತ್ತು, ವ್ಯಾಪಾರಿಗಳು ನೋಡುತ್ತಿದ್ದರು. ಎಲ್ಲ ಹೆಣ್ಣುಮಕ್ಕಳೂ ನನ್ನ ಕಡೆ ನೋಡುತ್ತಿದ್ದರು. ಈ ಸಲ ನುಂಗಿದರೆ ಆ ಕೋಟು ಮತ್ತೆ ಯಾರ ಮೈಮೇಲೂ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೈ ಎತ್ತಿದೆ. ಗುರವ್ವ ಎತ್ತಿದ ಕೈ ಕಂಡಳು, ಸಾವಕಾರರ ಮುಖವನ್ನೂ ನನ್ನ ಮುಖವನ್ನೂ ನೋಡದೆ ಸ್ವಿಚ್ಚು ಎಳೆದಳು.

ಇಡೀ ಹಾಲ್ ಸ್ತಬ್ಧವಾಯಿತು. "ಯಾಕ ನಿಂತತು?" ಸಾವಕಾರರ ದನಿ ಗೋಡೆಗೆ ಬಡಿದು ಬಂತು.

ನಾನು ಹತ್ತಿರ ಹೋದೆ. ಒದರಲಿಲ್ಲ. "ನಾ ನಿಲ್ಲಿಸೇನ್ರಿ. ನಿಮ್ಮ ಶಲ್ಯಾ ಮಷೀನಿಗೆ ಹತ್ತತೈತಿ. ಇಲ್ಲಿ ಕೋಟು ಇಲ್ಲದ ಯಾರನೂ ಬಿಡೂದುಲ್ರಿ."

"ನನ್ನೂ?"

"ಯಾರನೂ ರಿ."

ಅವರ ಕಿವಿ ಕೆಂಪಾದವು. ಶಲ್ಯ ಕೈಯಲ್ಲಿ ಸುತ್ತಿಕೊಂಡು ವ್ಯಾಪಾರಿಗಳ ಜೊತೆ ಹೊರಗೆ ಹೋದರು. ಗುರವ್ವನಿಗೆ ಸನ್ನೆ ಮಾಡಿ ಮಷೀನು ಶುರು ಮಾಡಿಸಿದೆ. ಸಂಜೆಯ ತನಕ ನಿಂತಲ್ಲಿಯೇ ನಿಂತಿದ್ದೆ, ಕೈ ಖಾಲಿ ಇಟ್ಟುಕೊಂಡು. ಪಾಳೆ ಬಿಟ್ಟ ಮೇಲೆ ಆಫೀಸಿಗೆ ಕರೆ ಬಂತು. ಕುರ್ಚಿ ಹೋಯಿತು ಎಂದುಕೊಂಡೇ ಹೋದೆ. ಹೋದರೆ ಹೋಗಲಿ, ಅರಳೆ ಹಾಕಲು ಬರುತ್ತದೆ ಎಂದು ದಾರಿಯಲ್ಲಿ ನನಗೇ ಹೇಳಿಕೊಂಡೆ.

ಸಾವಕಾರರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. "ಆ ವ್ಯಾಪಾರದವರು ಏನಂದ್ರು ಗೊತ್ತೇನ? ಇಂಥಾ ಮಂದಿ ಇರೂ ಮಿಲ್ಲಿನ್ಯಾಗ ಬೆಂಕಿ ಬೀಳೂದುಲ್ಲ, ನಮ್ಮ ಮಾಲು ಸುಡೂದುಲ್ಲ ಅಂದ್ರು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಾ ಏನೂ ಅನ್ನೂದುಲ್ಲ. ಟೇಲರ್‌ಗ ಹೇಳಿ ನನ್ನ ಅಳತಿದೊಂದು ಕೋಟು ಹೊಲಸ್ರಿ."

ಟೇಲರ್ ಅವಸರದಲ್ಲಿ ಅಳತೆ ತಪ್ಪಿಸಿದ. ಇವತ್ತು ಮುಂಜಾನೆ ಸಾವಕಾರರು ಆ ಖಾಕಿ ಕೋಟು ಹಾಕಿಕೊಂಡು ಹಾಲ್‌ಗೆ ಬಂದರು. ಹೊಟ್ಟೆಯ ಮೇಲಿನ ಗುಂಡಿಗಳನ್ನು ಹಾಕಲು ಬರಲೇ ಇಲ್ಲ. ಈ ತುದಿಯಿಂದ ಆ ತುದಿಯ ತನಕ ಗಂಭೀರವಾಗಿ ನಡೆದರು. ಎಲ್ಲರೂ ತಲೆ ತಗ್ಗಿಸಿ ಅರಳೆ ಹಾಕಿದರು. ಅವರು ಬಾಗಿಲು ದಾಟಿದ್ದೇ ತಡ, ಬಾಯವ್ವ ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು, ಗುರವ್ವ ಒಳ್ಳೆಯ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಾನೂ ಗೋಡೆಗೆ ಮುಖ ತಿರುಗಿಸಬೇಕಾಯಿತು. ಆ ಸದ್ದಿನೊಳಗೆ ಯಾರ ನಗೆಯೂ ಯಾರಿಗೂ ಕೇಳಿಸಲಿಲ್ಲ, ಕಾಕಾ. ಎಲ್ಲರಿಗೂ ಕಂಡಿತು.

ಮಹಾನಂದಾ